ಅಧಿಕಾರದಲ್ಲಿರುವವರ ಕೈ ಬಲಪಡಿಸೋಣ

ಸತ್ಯವೇದ ತೆಗೆಯೋಣ. ಮೊಬೈಲ್‌ನಲ್ಲಿ ಓದೋರು ದಯಮಾಡಿ ವಾಟ್ಸಾಪ್ ಮುಚ್ಚಿ ತೆಗೆಯಿರಿ. 1 ತಿಮೊಥೆ 2ನೇ ಅಧ್ಯಾಯ, 1 ಮತ್ತು 2ನೇ ವಚನ.

ಇಲ್ಲಿ ಪೌಲನು ಅರಸರಿಗಾಗಿ, ಅಧಿಕಾರದಲ್ಲಿರುವ ಎಲ್ಲರಿಗಾಗಿ ಪ್ರಾರ್ಥಿಸಿರಿ ಅಂತಾನೆ. ಅಷ್ಟೇ ಆಗಿದ್ದರೆ ಸುಲಭ ಇತ್ತು. ಆ ಪಟ್ಟಿಯಲ್ಲಿ ಕೃತಜ್ಞತೆ ಅನ್ನೋದೂ ಸೇರಿದೆ ನೋಡಿ. ಅಧಿಕಾರಿಗಳಿಗಾಗಿ ದೇವರಿಗೆ ಸ್ತೋತ್ರ ಹೇಳಬೇಕು! ರೋಮಾಪುರದ ಸಭೆಗೆ ಇದೇ ಪೌಲನು ಪತ್ರ ಬರೆದಾಗ ಸಿಂಹಾಸನದಲ್ಲಿದ್ದವನು ನೀರೋ. 54ರಿಂದ 68ರವರೆಗೆ ಆಳಿದ ಅದೇ ನೀರೋ. ಒಳ್ಳೇ ಅಧಿಕಾರಿ ಬರಲಿ, ಆಮೇಲೆ ಪ್ರಾರ್ಥನೆ ಮಾಡೋಣ ಅಂತ ಪೌಲನು ಕಾಯಲಿಲ್ಲ.

ಈ ವಾಕ್ಯವನ್ನು ನಾನು ಎಷ್ಟೋ ಸಲ ಬೋಧಿಸಿದ್ದೆ. ಆದರೆ ಪಾಲಿಸಿರಲಿಲ್ಲ. ಅದನ್ನು ಇವತ್ತು ನಿಮ್ಮ ಮುಂದೆ ಒಪ್ಪಿಕೊಳ್ತೀನಿ.

ಕೆಲವು ವರ್ಷಗಳ ಹಿಂದೆ ನಾವು ಮನೆಗಳ ಮಧ್ಯೆ, ಎರಡನೇ ಮಹಡಿಯ ಬಾಡಿಗೆ ಹಾಲ್‌ನಲ್ಲಿ ಸೇರ್ತಿದ್ದೆವು. ಒಂದು ಶುಕ್ರವಾರ ರಾತ್ರಿ ಪ್ರಾರ್ಥನೆ ಇಟ್ಟಿದ್ದೆವು. ಕೀಬೋರ್ಡ್, ಡ್ರಮ್ಸ್, ದೊಡ್ಡ ಸ್ಪೀಕರ್ ಎರಡು. ಹತ್ತೂಮುಕ್ಕಾಲಿಗೆ ಸಬ್‌ಇನ್ಸ್‌ಪೆಕ್ಟರ್ ಒಬ್ಬರು ಮೆಟ್ಟಿಲು ಹತ್ತಿ ಬಂದು, "ಯಾರ್ರೀ ಇಲ್ಲಿ ಪಾಸ್ಟರ್? ಕಂಪ್ಲೇಂಟ್ ಬಂದಿದೆ, ನಿಲ್ಸಿ" ಅಂದರು. ನಿಲ್ಲಿಸಿದೆವು. ಆದರೆ ನನ್ನೊಳಗೆ ಬೆಂಕಿ ಹತ್ತಿತ್ತು. ಆ ಭಾನುವಾರ ಇದೇ ರೀತಿ ಮೈಕ್ ಹಿಡಿದು, ಸಭೆಗೆ ವಿರೋಧವಾಗಿ ಎದ್ದಿರುವ ಆ ಮನುಷ್ಯನನ್ನು ಕಟ್ಟು ಕರ್ತನೇ, ಅಂತ ಪ್ರಾರ್ಥಿಸಿದೆ. ಆಮೆನ್ ಜೋರಾಗೇ ಬಂತು.

ಆರಾಧನೆ ಮುಗಿದ ಮೇಲೆ ಹಾಲ್ ಗುಡಿಸೋ ಅಮ್ಮ ಒಬ್ಬರು ಹತ್ತಿರ ಬಂದರು. "ಅಯ್ಯನೋರೇ, ಆ ಪೊಲೀಸ್ನೋರ ಹೆಸ್ರೇನು? ಮನೇಲಿ ಪ್ರಾರ್ಥನೆ ಮಾಡ್ಬೇಕಿತ್ತು."

ನನಗೆ ಗೊತ್ತಿರಲಿಲ್ಲ. ಹೆಸರೂ ಗೊತ್ತಿಲ್ಲದ ಮನುಷ್ಯನ ಮೇಲೆ ಸಭೆಯನ್ನೆಲ್ಲಾ ಎಬ್ಬಿಸಿದ್ದೆ.

ಸೋಮವಾರ ಸ್ಟೇಷನ್‌ಗೆ ಹೋದೆ. ಅವರು ಕುರ್ಚಿ ತೋರಿಸಿದರು. "ಪಾಸ್ಟ್ರೇ, ನಿಮ್ಮ ಮೇಲೆ ನನಗೇನೂ ಕೋಪ ಇಲ್ಲ. ಪಕ್ಕದ ಮನೇಲಿ ಪರೀಕ್ಷೆಗೆ ಓದೋ ಹುಡುಗಿ ಇದ್ದಾಳೆ. ನಾನು ಬರದಿದ್ರೆ ಅವರು ಬೈತಾರೆ, ಬಂದ್ರೆ ನೀವು ಬೈತೀರಿ" ಅಂದರು. ಕಾನೂನು ತಿಳಿಸಿದ್ದೂ ಅವರೇ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಮನೆಗಳಿರುವ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45. ನಮ್ಮ ಡ್ರಮ್ಸ್ ಹುಡುಗ ಒಂದೇ ಏಟಿಗೆ ಅದನ್ನು ದಾಟುತ್ತಾನೆ!

ಪ್ರಿಯರೇ, ಹಿಂಸೆ ಅನ್ನೋದು ನಿಜವಾಗಿಯೂ ಇದೆ, ನಾನು ಇಲ್ಲ ಅನ್ನಲ್ಲ. ಆದರೆ ಅವತ್ತು ನಡೆದದ್ದು ಹಿಂಸೆ ಅಲ್ಲ, ನಮ್ಮ ಸ್ಪೀಕರ್. ಅವರ ಕೆಲಸವನ್ನು ಕಷ್ಟ ಮಾಡಿದ್ದು ನಾವು. ಆ ವಾರದಿಂದ ಒಂಬತ್ತೂವರೆಗೆ ಸ್ಪೀಕರ್ ಆಫ್. ಆಮೇಲೆ ಬರೀ ಬಾಯಲ್ಲಿ ಪ್ರಾರ್ಥನೆ. ಪವಿತ್ರಾತ್ಮನಿಗೆ ಕರೆಂಟ್ ಬೇಕಾಗಿಲ್ಲ ಅಂತ ಆಗ ಗೊತ್ತಾಯ್ತು.

ಯೌವನಸ್ಥರು ನನ್ನನ್ನು ಕೇಳ್ತಾರೆ: ಹಾಗಾದ್ರೆ ಅವರು ತಪ್ಪು ಮಾಡಿದ್ರೂ ಹೌದು ಸಾರ್ ಅಂತ ಇರ್ಬೇಕಾ? ದಾನಿಯೇಲ 4ನೇ ಅಧ್ಯಾಯ ಮನೆಗೆ ಹೋಗಿ ಪೂರ್ತಿ ಓದಿ. ನೆಬೂಕದ್ನೆಚ್ಚರ್ ಯಾರು? ಯೆರೂಸಲೇಮಿನ ದೇವಾಲಯ ಸುಡಿಸಿದವನು. ಅವನಿಗೆ ಕೆಟ್ಟ ಕನಸು ಬಿತ್ತು, ದೊಡ್ಡ ಮರವನ್ನು ಕಡಿದು ಹಾಕುವ ಕನಸು. ಅರ್ಥ ತಿಳಿದಾಗ ದಾನಿಯೇಲನು ಒಳಗೊಳಗೇ ಸಂತೋಷ ಪಟ್ಟನಾ? ಇಲ್ಲ, ಕಳವಳಪಟ್ಟನು. ಈ ಕನಸು ನಿನ್ನ ವೈರಿಗಳಿಗೆ ಬರಲಿ ಅನ್ನುವಷ್ಟು ಅರಸನ ಮೇಲೆ ಕಳಕಳಿ ಅವನಿಗಿತ್ತು. ಆದರೂ ಮುಚ್ಚಿಡಲಿಲ್ಲ. ಪಾಪ ಬಿಡು, ಬಡವರಿಗೆ ಕರುಣೆ ತೋರಿಸು ಅಂತ ಮುಖಕ್ಕೇ ಹೇಳಿದನು. ಅರಸ ಕೇಳಿದನಾ? ಕೇಳಲಿಲ್ಲ. ಒಂದು ವರ್ಷ ಕಳೆದ ಮೇಲೂ ಅರಮನೆಯ ಮೇಲೆ ನಿಂತು ಜಂಬ ಕೊಚ್ಚಿಕೊಳ್ತಿದ್ದ. ಫಲ ದಾನಿಯೇಲನ ಕೈಲಿರಲಿಲ್ಲ, ಮಾತು ಮಾತ್ರ ಅವನ ಕೈಲಿತ್ತು. ನಾವು ಸತ್ಯ ಹೇಳ್ತೀವಿ, ಆದರೆ ಕಳವಳ ಇರಲ್ಲ. ಇಲ್ಲಾಂದ್ರೆ ಕೆಲಸ ಆಗ್ಬೇಕು ಅಂತ ಹಲ್ಲು ಕಿರೀತೀವಿ, ಲಂಚ ಕೊಡ್ತೀವಿ. ಲಂಚ ಕೊಡೋದು ಅಧಿಕಾರಿಗೆ ಸಹಾಯ ಅಲ್ಲ ಮಕ್ಕಳೇ, ಅವರನ್ನು ಗುಂಡಿಗೆ ತಳ್ಳೋದು.

ಗುಂಡಿ ಅಂದಾಗ ನೆನಪಾಯ್ತು. ರಸ್ತೆ ಗುಂಡಿಯ ಫೋಟೋ ಹಾಕಿ ಇಂಜಿನಿಯರ್‌ನ ಟ್ಯಾಗ್ ಮಾಡೋರು ಇಲ್ಲಿ ಎಷ್ಟು ಜನ? ಕೈ ಎತ್ತಿ. ಸರಿ, ತಪ್ಪೇನಿಲ್ಲ, ಹಾಕಿ. ಗುಂಡಿ ಮುಚ್ಚಿದ ಮೇಲೆ ಫೋಟೋ ಹಾಕಿ ಥ್ಯಾಂಕ್ಸ್ ಹೇಳಿದೋರು? ನೋಡಿ, ಕೈಗಳೆಲ್ಲಾ ಕೆಳಗೆ. ಆಫೀಸ್‌ನಲ್ಲಿ ನಿಮ್ಮ ಟೀಮ್ ಲೀಡ್‌ಗೂ ಅಷ್ಟೇ. ಅಪ್ರೈಸಲ್ ಆದ ವಾರ ಅವರ ಬಗ್ಗೆ ಕ್ಯಾಂಟೀನ್‌ನಲ್ಲಿ ಏನು ಮಾತಾಡಿದ್ರಿ ಅಂತ ನಾನು ಕೇಳಲ್ಲ.

ಯೆಹೋಶುವ 1ನೇ ಅಧ್ಯಾಯದಲ್ಲಿ ಧೈರ್ಯವಾಗಿರು ಅಂತ ದೇವರು ಯೆಹೋಶುವನಿಗೆ ಮತ್ತೆ ಮತ್ತೆ ಹೇಳ್ತಾನೆ. ಅಧ್ಯಾಯದ ಕೊನೆಗೆ ಅದೇ ಮಾತನ್ನು ಜನರೂ ಹೇಳ್ತಾರೆ. ಮೋಶೆ ತೀರಿಹೋಗಿದ್ದ, ಯೊರ್ದನ್ ಎದುರಿಗಿತ್ತು. ಆ ಹೊಸ ನಾಯಕನಿಗೆ ಆಕಾಶದಿಂದ ಬಂದ ಮಾತು ಜನರ ಬಾಯಿಂದಲೂ ಕೇಳಿಸಿತು.

ಆ ಸಬ್‌ಇನ್ಸ್‌ಪೆಕ್ಟರ್‌ಗೆ ಈಗ ವರ್ಗ ಆಗಿದೆ. ಅಮ್ಮನ ಸತ್ಯವೇದದ ಕೊನೇ ಹಾಳೆಯಲ್ಲಿ ಅವರ ಹೆಸರಿನ ಕೆಳಗೆ ಹೊಸಬರ ಹೆಸರು ಇದೆ, ಅವರ ಕೆಳಗೆ ಇನ್ನೊಬ್ಬರದ್ದು. ಎಲ್ಲರೂ ಎದ್ದು ನಿಲ್ಲಿ. ಮೊಬೈಲ್ ತೆಗೆದು ನಿಮ್ಮ ಮೇಲೆ ಅಧಿಕಾರದಲ್ಲಿರುವ ಒಬ್ಬರ ಹೆಸರು ಬರೆಯಿರಿ. ಗೊತ್ತಿಲ್ಲದಿದ್ದರೆ ಜಾಗ ಖಾಲಿ ಬಿಡಿ, ಈ ವಾರ ಕೇಳಿ ತಿಳ್ಕೊಂಡು ಬನ್ನಿ. ಈಗ ಆ ಹೆಸರು ಹಿಡಿದು ಪ್ರಾರ್ಥಿಸೋಣ.