ಬಾವಿಗೆ ಕಟ್ಟೆ, ಕೊಳವೆಗೆ ಕಾವಲು

ತುಮಕೂರು, ಚಿತ್ರದುರ್ಗ, ಧಾರವಾಡದ ಕಡೆ ಹೊಲಗಳ ನಡುವೆ ಓಡಾಡಿದವರಾದರೆ, ಬದುವಿನ ಪಕ್ಕದಲ್ಲಿ ನೆಟ್ಟ ಎಚ್ಚರಿಕೆಯ ಫಲಕವೊಂದನ್ನು ನೀವು ಕಂಡಿರಬಹುದು. ಕೆಳಗೆ ಅನಿಲದ ಕೊಳವೆ ಇದೆ, ಕೇಳದೆ ಅಗೆಯಬೇಡಿ ಎಂದು ಅದು ಹೇಳುತ್ತದೆ. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ನೈಸರ್ಗಿಕ ಅನಿಲ ತರುವ ಸುಮಾರು 1000 ಕಿಲೋಮೀಟರ್ ಉದ್ದದ ಕೊಳವೆಮಾರ್ಗ 2013ರಲ್ಲಿ ಕೆಲಸ ಆರಂಭಿಸಿತು. ಕೊಚ್ಚಿಯಿಂದ ಮಂಗಳೂರಿಗೆ ಬರುವ 450 ಕಿಲೋಮೀಟರ್ ಮಾರ್ಗ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಇಂಥ ಕೊಳವೆಗಳ ಅಪಾಯವನ್ನು ಅಳೆಯುವುದು ಹೇಗೆ, ಅದನ್ನು ಹದ್ದಿನಲ್ಲಿಡುವುದು ಹೇಗೆ ಎಂಬುದನ್ನು ಇಲ್ಲಿ ಮೊದಲಿನಿಂದ ಹೇಳಿಕೊಡುತ್ತೇನೆ. ನಿಮಗೆ ಕುತೂಹಲವೊಂದಿದ್ದರೆ ಸಾಕು.

ಮೊದಲು ಎರಡು ಪದಗಳನ್ನು ಬಿಡಿಸಿಕೊಳ್ಳೋಣ: ಅಪಾಯ ಮತ್ತು ರಿಸ್ಕ್. ತೋಟದಲ್ಲಿ ಕಟ್ಟೆಯಿಲ್ಲದ ಬಾವಿಯೊಂದಿದೆ ಎನ್ನಿ. ಅದರ ಆಳವೇ ಅಪಾಯ. ಸುತ್ತ ಕಟ್ಟೆ ಕಟ್ಟಿದಿರಿ. ಆಳ ಅಷ್ಟೇ ಇದೆ, ಆದರೆ ಮಗು ಬೀಳುವ ಸಾಧ್ಯತೆ ಕಡಿಮೆಯಾಯಿತು. ಈ ಸಾಧ್ಯತೆಯನ್ನೂ, ಬಿದ್ದರೆ ಆಗುವ ಹಾನಿಯನ್ನೂ ಒಟ್ಟಿಗೆ ತೂಗಿ ನೋಡಿದಾಗ ಸಿಗುವುದೇ ರಿಸ್ಕ್. ಅನಿಲದ ಕೊಳವೆಯ ವಿಚಾರದಲ್ಲಿ ನಾವು ಮಾಡುವುದೂ ಇದನ್ನೇ. ಏನು ಕೆಡಬಹುದು? ಎಷ್ಟು ಸಲ ಕೆಡಬಹುದು? ಕೆಟ್ಟರೆ ಎಷ್ಟು ದೂರ ಹಾನಿ? ಈ ಮೂರು ಪ್ರಶ್ನೆಗಳನ್ನು ಕೇಳುತ್ತೇವೆ, ಆಮೇಲೆ ಕಟ್ಟೆ ಕಟ್ಟುತ್ತೇವೆ.

ಕೊಳವೆಯೊಳಗಿನ ಶಕ್ತಿ ಎಷ್ಟೆಂದು ಮನಸ್ಸಿಗೆ ತಂದುಕೊಳ್ಳಿ. ಪಂಚರ್ ಅಂಗಡಿಯಲ್ಲಿ ಕಾರಿನ ಚಕ್ರಕ್ಕೆ ಮೂವತ್ತರ ಆಸುಪಾಸು ಗಾಳಿ ಹಾಕಿಸುತ್ತೀರಿ. ಆ ಸಂಖ್ಯೆಯ ಅಳತೆ ಪಿಎಸ್ಐ, ಅಂದರೆ ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಒತ್ತಡ ಎಂಬುದು. ದೂರಸಾಗಣೆಯ ಅನಿಲ ಕೊಳವೆಗಳಲ್ಲಿ ಈ ಒತ್ತಡ 1000 ಪಿಎಸ್ಐ ಮುಟ್ಟುವುದುಂಟು. ಒಳಗಿರುವುದು ಬಹುಪಾಲು ಮೀಥೇನ್. ಅದು ಗಾಳಿಗಿಂತ ಹಗುರ, ಹಾಗಾಗಿ ಮೇಲಕ್ಕೇರುತ್ತದೆ. ಅಡುಗೆ ಸಿಲಿಂಡರಿನ ಅನಿಲವಾದರೋ ಭಾರ, ನೆಲದಲ್ಲೇ ಹರಡುತ್ತದೆ. ಗಾಳಿಯಲ್ಲಿ ಮೀಥೇನ್ ಪ್ರಮಾಣ ಶೇಕಡ 5ರಿಂದ 15ರೊಳಗೆ ಇದ್ದಾಗ ಒಂದು ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ.

ಈಗ ಮೊದಲ ಪ್ರಶ್ನೆ: ಏನು ಕೆಡಬಹುದು? ಪೆಟ್ಟು ಹೊರಗಿನಿಂದ ಬೀಳಬಹುದು, ಕೇಡು ಒಳಗಿನಿಂದಲೂ ಹುಟ್ಟಬಹುದು.

ಹೊರಗಿನ ಪೆಟ್ಟಿಗೆ ಬೆಲ್ಜಿಯಂನ ಗಿಲೆಂಗಿಯನ್ ಎಂಬ ಊರಿನ ದುರಂತವನ್ನು ನನ್ನ ಪಾಠದಲ್ಲಿ ತಪ್ಪದೆ ಹೇಳುತ್ತೇನೆ. 2004ರ ಜುಲೈ 30ರಂದು ಅಲ್ಲಿ ಭೂಗತ ಕೊಳವೆ ಸಿಡಿದು 24 ಜನ ಸತ್ತರು. ಸೋರಿಕೆಯ ಸುದ್ದಿ ಕೇಳಿ ಓಡಿಬಂದಿದ್ದ ಅಗ್ನಿಶಾಮಕ ಸಿಬ್ಬಂದಿಯೂ ಅವರಲ್ಲಿದ್ದರು. ಆ ಕೊಳವೆಗೆ ಯಂತ್ರದ ಪೆಟ್ಟು ಬಿದ್ದದ್ದು ಅದಕ್ಕೂ ಮುಂಚೆ, ಕಟ್ಟಡ ಕಾಮಗಾರಿಯ ವೇಳೆ. ಪೆಟ್ಟು ಬಿದ್ದ ದಿನ ಕೊಳವೆ ಒಡೆಯಲಿಲ್ಲ. ಏಕೆಂದು ನೋಡೋಣ. ಜೆಸಿಬಿಯ ಹಲ್ಲು ಉಕ್ಕಿಗೆ ತಾಗಿದರೆ ಎರಡು ಗಾಯಗಳಾಗುತ್ತವೆ: ಕೊಳವೆ ಒಳಕ್ಕೆ ತಗ್ಗುತ್ತದೆ, ಆ ತಗ್ಗಿನ ಮೇಲೆ ಗೀರು ಬೀಳುತ್ತದೆ. ಗೀರಿನ ಜಾಗದಲ್ಲಿ ಲೋಹ ಗಟ್ಟಿಯಾಗಿ, ಬಾಗುವ ಗುಣ ಕಳೆದುಕೊಳ್ಳುತ್ತದೆ. ಒಳಗಿನ ಒತ್ತಡ ಏರಿದಾಗ ತಗ್ಗು ಹೊರಕ್ಕೆ ಉಬ್ಬಲು ನೋಡುತ್ತದೆ, ಬಾಗಲಾರದ ಗೀರು ಬಿರುಕು ಬಿಡುತ್ತದೆ. ಒತ್ತಡ ಏರಿಳಿದಂತೆಲ್ಲ ಬಿರುಕು ಬೆಳೆಯುತ್ತದೆ. ಮೇಲೆ ಮಣ್ಣು ಮುಚ್ಚಿದ್ದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಒಳಗಿನ ಕೇಡಿಗೆ ನಮ್ಮ ನೆರೆಯ ಆಂಧ್ರದ ನಗರಂ ಗ್ರಾಮವೇ ಸಾಕ್ಷಿ. 2014ರ ಜೂನ್ 27ರ ಬೆಳಗಿನ ಜಾವ ಅಲ್ಲಿ 18 ಇಂಚಿನ ಕೊಳವೆಯಿಂದ ಅನಿಲ ಸೋರಿ, ಹೊತ್ತಿಕೊಂಡು, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ನೀರಿನಂಶವಿದ್ದ ಅನಿಲ ಹರಿದು ಕೊಳವೆಯ ಒಳಮೈ ತುಕ್ಕು ತಿಂದಿತ್ತು.

ಎರಡನೆಯ ಪ್ರಶ್ನೆ, ಎಷ್ಟು ಸಲ ಕೆಡಬಹುದು ಎಂಬುದು. ಇದಕ್ಕೆ ಹಳೆಯ ದಾಖಲೆಗಳೇ ಆಧಾರ. ಯುರೋಪಿನ ಅನಿಲ ಸಾಗಣೆ ಸಂಸ್ಥೆಗಳು 1970ರಿಂದ ಈಚಿನ ಅವಘಡಗಳ ಲೆಕ್ಕವನ್ನು ಒಟ್ಟಾಗಿ ಇಟ್ಟುಕೊಂಡು ಬಂದಿವೆ. ಅಗೆಯುವವರಿಂದ ಬೀಳುವ ಪೆಟ್ಟು ಮುಖ್ಯ ಕಾರಣಗಳಲ್ಲೊಂದು ಎಂದು ಆ ಲೆಕ್ಕ ತೋರಿಸುತ್ತದೆ.

ಮೂರನೆಯ ಪ್ರಶ್ನೆಗೆ ಕಾಗದ, ಪೆನ್ನು ತೆಗೆದುಕೊಳ್ಳಿ. ಕೊಳವೆ ಸಿಡಿದು ಹೊತ್ತಿಕೊಂಡರೆ ಬೆಂಕಿಯ ಝಳ ಎಷ್ಟು ದೂರದವರೆಗೆ ಪ್ರಾಣಕ್ಕೆ ಕುತ್ತು ತರಬಹುದು ಎಂದು ಅಂದಾಜಿಸಲು ಅಮೆರಿಕದಲ್ಲಿ ಒಂದು ಸರಳ ಸೂತ್ರ ಬಳಸುತ್ತಾರೆ. ಒತ್ತಡದ ವರ್ಗಮೂಲ ತೆಗೆದು, ಕೊಳವೆಯ ವ್ಯಾಸದಿಂದ ಗುಣಿಸಿ, ಮತ್ತೆ 0.69ರಿಂದ ಗುಣಿಸುವುದು. ಒತ್ತಡ 1000 ಪಿಎಸ್ಐ, ವ್ಯಾಸ 30 ಇಂಚು ಎಂದುಕೊಳ್ಳಿ. 1000ದ ವರ್ಗಮೂಲ ಸುಮಾರು 31.6. ಅದನ್ನು 30ರಿಂದ ಗುಣಿಸಿದರೆ 948, ಅದನ್ನು 0.69ರಿಂದ ಗುಣಿಸಿದರೆ ಸುಮಾರು 654 ಅಡಿ. ಅಂದರೆ 200 ಮೀಟರ್. ಈ ವೃತ್ತದೊಳಗೆ ಶಾಲೆ ಇದೆಯೇ, ಆಸ್ಪತ್ರೆ ಇದೆಯೇ, ಸಂತೆ ನೆರೆಯುತ್ತದೆಯೇ ಎಂದು ನೋಡಬೇಕು.

ಇನ್ನು ಕಟ್ಟೆ ಕಟ್ಟುವ ಕೆಲಸ. ಮೊದಲ ಕಟ್ಟೆ ಉಕ್ಕಿನ ದಪ್ಪ. ಮಾರ್ಗದ ಎರಡೂ ಬದಿಗೆ ಸುಮಾರು 200 ಮೀಟರ್ ಅಗಲ, 1600 ಮೀಟರ್ ಉದ್ದದ ಪಟ್ಟಿಯಲ್ಲಿ ಮನೆಗಳನ್ನು ಎಣಿಸುತ್ತಾರೆ. ಹತ್ತು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಒಂದನೇ ವರ್ಗ, 46 ಅಥವಾ ಹೆಚ್ಚಿದ್ದರೆ ಮೂರನೇ ವರ್ಗ, ಬಹುಮಹಡಿ ಕಟ್ಟಡಗಳೇ ತುಂಬಿದ್ದರೆ ನಾಲ್ಕನೇ ವರ್ಗ. ಒಂದನೇ ವರ್ಗದಲ್ಲಿ ಉಕ್ಕಿನ ತಾಳಿಕೆಯ ಶೇಕಡ 72ರಷ್ಟನ್ನು ಬಳಸಿಕೊಳ್ಳಬಹುದು, ಮೂರನೆಯದರಲ್ಲಿ 50, ನಾಲ್ಕನೆಯದರಲ್ಲಿ 40 ಮಾತ್ರ. ಜನ ಹೆಚ್ಚಿದಷ್ಟೂ ಕೊಳವೆ ದಪ್ಪವಾಗಬೇಕು. ನಿನ್ನೆ ರಾಗಿ ಹೊಲವಾಗಿದ್ದ ಜಾಗದಲ್ಲಿ ಇಂದು ಲೇಔಟ್ ಎದ್ದರೆ ಲೆಕ್ಕವನ್ನೂ ಹೊಸದಾಗಿ ಮಾಡಬೇಕು.

ಎರಡನೆಯ ಕಟ್ಟೆ ತುಕ್ಕಿನ ತಡೆ. ಸೂರಿಗೆ ಹಾಕುವ ಜಿಂಕ್ ಶೀಟು ನಿಮಗೆ ಗೊತ್ತು. ಅದರಲ್ಲಿ ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಹೂತ ಕೊಳವೆಗೂ ಹೊರಗೆ ಪ್ಲಾಸ್ಟಿಕ್ ಲೇಪನ ಕೊಟ್ಟು, ಜೊತೆಗೆ ಸಣ್ಣ ವಿದ್ಯುತ್ ಪ್ರವಾಹ ಹರಿಸಿ ಇದೇ ರಕ್ಷಣೆ ಕೊಡುತ್ತಾರೆ. ಇದಕ್ಕೆ ಕ್ಯಾಥೋಡಿಕ್ ಸಂರಕ್ಷಣೆ ಎಂದು ಹೆಸರು. ದಾರಿಯುದ್ದಕ್ಕೂ ನೆಟ್ಟ ಕಂಬಗಳ ಪೆಟ್ಟಿಗೆ ತೆರೆದು, ತಾಮ್ರದ ಸಲ್ಫೇಟ್ ದ್ರಾವಣವಿರುವ ಕಡ್ಡಿಯನ್ನು ಮಣ್ಣಿಗೂರಿ ಸಿಬ್ಬಂದಿ ಮೀಟರ್ ನೋಡುತ್ತಾರೆ. ಮೈನಸ್ 0.85 ವೋಲ್ಟ್ ಅಥವಾ ಅದಕ್ಕಿಂತ ಆಚೆ ತೋರಿದರೆ ಉಕ್ಕಿಗೆ ರಕ್ಷಣೆ ಇದೆ ಎಂದರ್ಥ. ಒಳಮೈ ನೋಡಲು ಪಿಗ್ ಎಂಬ ಯಂತ್ರವಿದೆ. ಅನಿಲದ ಒತ್ತಡವೇ ಅದನ್ನು ಮುಂದೆ ತಳ್ಳುತ್ತದೆ. ಅದು ಉಕ್ಕನ್ನು ಅಯಸ್ಕಾಂತೀಯಗೊಳಿಸುತ್ತ ಸಾಗಿ, ಗೋಡೆ ಎಲ್ಲಿ ತೆಳುವಾಗಿದೆ ಎಂದು ಬರೆದುಕೊಳ್ಳುತ್ತದೆ.

ಮೂರನೆಯ ಕಟ್ಟೆ ಕವಾಟ, ಅಂದರೆ ವಾಲ್ವ್. ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೊದಲ್ಲಿ 2010ರ ಸೆಪ್ಟೆಂಬರ್ 9ರಂದು 30 ಇಂಚಿನ ಕೊಳವೆ ಸಿಡಿದಾಗ ಅನಿಲ ನಿಲ್ಲಿಸಲು 95 ನಿಮಿಷ ಹಿಡಿಯಿತು. ಎಂಟು ಜನ ಸತ್ತರು. 1956ರಲ್ಲಿ ಹಾಕಿದ ಆ ಕೊಳವೆಯ ಬೆಸುಗೆ ದೋಷದ್ದಾಗಿತ್ತು, ದಾಖಲೆಯಲ್ಲಿ ಮಾತ್ರ ಅದು ಬೆಸುಗೆಯೇ ಇಲ್ಲದ ಕೊಳವೆ ಎಂದಿತ್ತು. ಬೇಗ ಮುಚ್ಚುವ ಕವಾಟ ಎಷ್ಟು ಮುಖ್ಯವೋ, ಸರಿಯಾದ ದಾಖಲೆಯೂ ಅಷ್ಟೇ ಮುಖ್ಯ.

ಎಷ್ಟು ಕಟ್ಟೆ ಕಟ್ಟಿದರೆ ಸಾಕು? ಬ್ರಿಟನ್ನಿನ ಸುರಕ್ಷತಾ ಪ್ರಾಧಿಕಾರ ಇದಕ್ಕೊಂದು ಅಳತೆ ಹೇಳಿದೆ. ಸಾರ್ವಜನಿಕರೊಬ್ಬರು ಸಾಯುವ ಸಾಧ್ಯತೆ ವರ್ಷಕ್ಕೆ 10,000ದಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಅದನ್ನು ಸಹಿಸಲಾಗದು. ಹತ್ತು ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ ಇದ್ದರೆ ಒಪ್ಪಬಹುದು. ನಡುವೆ ಇದ್ದರೆ, ಖರ್ಚು ಪ್ರಯೋಜನಕ್ಕೆ ಹೋಲಿಸಿದಾಗ ತೀರಾ ಅತಿಯೆನಿಸುವವರೆಗೂ ಇಳಿಸುತ್ತಲೇ ಹೋಗಬೇಕು.

ಕೊನೆಯ ಕಟ್ಟೆ ನೀವು. 1962ರ ಕಾಯ್ದೆಯಂತೆ ಕೊಳವೆ ಹಾದುಹೋಗುವ ಜಮೀನು ರೈತರದ್ದಾಗಿಯೇ ಉಳಿಯುತ್ತದೆ, ಬಳಕೆಯ ಹಕ್ಕು ಮಾತ್ರ ಕೊಳವೆಯವರದು. ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಅಗೆಯುವ ಮೊದಲು ಫಲಕದ ನಂಬರಿಗೆ ಫೋನ್ ಮಾಡಿ. 2023ರಲ್ಲಿ ಕೇಂದ್ರ ಸರ್ಕಾರ ತಂದ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಇರುವುದೂ ಅಗೆಯುವ ಮುನ್ನ ತಿಳಿಸುವುದಕ್ಕೇ. ವಾಸನೆ ಬರಲಿಲ್ಲವೆಂದು ಸುಮ್ಮನಿರಬೇಡಿ. ಅನಿಲಕ್ಕೆ ಸ್ವಂತ ವಾಸನೆಯಿಲ್ಲ, ಸಾಮಾನ್ಯವಾಗಿ ಊರೊಳಗಿನ ಜಾಲಕ್ಕೆ ಸೇರುವಾಗಷ್ಟೇ ವಾಸನೆಯ ದ್ರವ್ಯ ಬೆರೆಸುತ್ತಾರೆ. ಬುಸುಗುಟ್ಟುವ ಸದ್ದು, ಏಳುವ ಧೂಳು, ನೀರಿನಲ್ಲಿ ಗುಳ್ಳೆ, ಕಾರಣವಿಲ್ಲದೆ ಒಣಗಿದ ಹುಲ್ಲು ಕಂಡರೆ ಗಾಳಿ ಬೀಸಿ ಬರುವ ದಿಕ್ಕಿಗೆ ದೂರ ನಡೆಯಿರಿ. ಹತ್ತಿರದಲ್ಲಿ ವಾಹನ ಚಾಲೂ ಮಾಡಬೇಡಿ. ದೂರ ಹೋದ ಮೇಲೆ ಫೋನ್ ಮಾಡಿ.

ಮುಂದಿನ ಸಲ ಅಂಥ ಫಲಕ ಕಂಡಾಗ ಒಂದು ನಿಮಿಷ ನಿಂತು ಅದರ ಫೋನ್ ನಂಬರನ್ನು ಬರೆದುಕೊಳ್ಳಿ. ಅಲ್ಲಿಂದ 200 ಮೀಟರ್ ದೂರದೊಳಗಿನ ಮನೆಗಳನ್ನು ಎಣಿಸಿ. ಪಕ್ಕದ ಹೊಲದಲ್ಲಿ ಜೆಸಿಬಿ ನಡೆಸುವವರಿಗೆ ಹೇಳಿ: ಬಕೆಟ್ ಕೊಳವೆಗೆ ತಾಗಿದರೆ, ಏನೂ ಸೋರದಿದ್ದರೂ ಮಣ್ಣು ಮುಚ್ಚಬೇಡಿ, ಆ ನಂಬರಿಗೆ ತಿಳಿಸಿ.