ಬೇರಿಗೂ ಹೆಪ್ಪು ಬೇಕು



ಹಾಲು ಮೊಸರಾಗಲು ಹೆಪ್ಪು ಬೇಕು. ಹೆಪ್ಪಿನಲ್ಲಿರುವುದು ಕಣ್ಣಿಗೆ ಕಾಣದ ಜೀವಾಣುಗಳು. ಕುದಿಯುವ ಹಾಲಿಗೆ ಹಾಕಿದರೆ ಅವು ಸಾಯುತ್ತವೆ. ತೀರ ತಣ್ಣಗಿನ ಹಾಲಿಗೆ ಹಾಕಿದರೆ ಕೆಲಸ ಮಾಡುವುದಿಲ್ಲ. ಇದು ನಮ್ಮ ತಾಯಂದಿರಿಗೆಲ್ಲ ತಿಳಿದ ಮಾತು. ಮಣ್ಣಿನಲ್ಲಿಯೂ ಇಂತಹ ಉಪಕಾರಿ ಜೀವಾಣುಗಳಿವೆ. ಮಳೆ ಕೈಕೊಟ್ಟಾಗ ಔಷಧಿ ಬೆಳೆಗೆ ಅವುಗಳಿಂದ ಹೇಗೆ ನೆರವು ಪಡೆಯಬಹುದೆಂಬುದೇ ಈ ಸಂಚಿಕೆಯ ಪಾಠ.

ಬೇರಿನ ನೆರೆಹೊರೆ

ಗಿಡದ ಬೇರು ಸಕ್ಕರೆ ಮುಂತಾದ ಸತ್ವಗಳನ್ನು ಮಣ್ಣಿಗೆ ಒಸರುತ್ತದೆ. ಅದನ್ನು ತಿನ್ನಲು ಜೀವಾಣುಗಳು ಬೇರಿನ ಸುತ್ತ ಸೇರುತ್ತವೆ. 1904ರಲ್ಲಿ ಜರ್ಮನಿಯ ವಿಜ್ಞಾನಿ ಲೊರೆಂಜ್ ಹಿಲ್ಟ್‌ನರ್ ಈ ಜಾಗಕ್ಕೆ ರೈಜೋಸ್ಫಿಯರ್ ಎಂದು ಹೆಸರಿಟ್ಟರು. ನಾವು ಬೇರುವಲಯ ಎನ್ನೋಣ. ಸೂಡೊಮೊನಾಸ್, ಬ್ಯಾಸಿಲಸ್, ಅಜೋಸ್ಪಿರಿಲಮ್ ಎಂಬ ಜಾತಿಗಳಲ್ಲಿ ಅನೇಕವು ಬೇರಿನ ಅನ್ನ ಉಂಡು ಬೇರಿಗೇ ದುಡಿಯುತ್ತವೆ.

ಅವು ಮಾಡುವ ಕೆಲಸ

ನೆಲ ಒಣಗಿದರೂ, ನೀರು ನಿಂತರೂ ಗಿಡವು ಎಥಿಲೀನ್ ಎಂಬ ಅನಿಲವನ್ನು ಹೆಚ್ಚಾಗಿ ತಯಾರಿಸುತ್ತದೆ. ಬಾಳೆಕಾಯಿ ಹಣ್ಣಾಗುವುದೂ ಇದೇ ಅನಿಲದಿಂದ. ಇದು ಅತಿಯಾದರೆ ಬೇರಿನ ಬೆಳವಣಿಗೆ ಕುಂಠಿತವಾಗುತ್ತದೆ, ಎಲೆ ಉದುರುತ್ತದೆ. ಕೆಲವು ಜೀವಾಣುಗಳು ಈ ಅನಿಲದ ಮೂಲವಸ್ತುವನ್ನೇ ಒಡೆದು ತಿನ್ನುತ್ತವೆ; ಬೇರು ಬೆಳೆಯುತ್ತ ಹೋಗುತ್ತದೆ. ಇನ್ನು ಕೆಲವು ಲೋಳೆಯನ್ನು ಹೊರಬಿಟ್ಟು, ಮಣ್ಣಿನ ಕಣಗಳನ್ನು ಕಟ್ಟಿ, ತೇವ ಉಳಿಸುತ್ತವೆ. ಬೇರೆ ಕೆಲವು ಮಣ್ಣಿನಲ್ಲಿ ಸಿಕ್ಕಿಬಿದ್ದ ರಂಜಕವನ್ನು ಕರಗಿಸಿಕೊಡುತ್ತವೆ.

ಔಷಧಿ ಬೆಳೆಯಲ್ಲಿ ತೂಕದಂತೆ ಸತ್ವವೂ ಮುಖ್ಯ. ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನೀರಿನ ಕೊರತೆಯಲ್ಲಿದ್ದ ನಿತ್ಯಪುಷ್ಪದ ಗಿಡಗಳಿಗೆ ಸೂಡೊಮೊನಾಸ್ ಕೊಟ್ಟಾಗ ಗಿಡದ ತೂಕವೂ ಅಜ್ಮಲಿಸಿನ್ ಎಂಬ ಔಷಧಿ ಸತ್ವವೂ ಹೆಚ್ಚಿದವು. ಲಖನೌದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆಯ ವಿಜ್ಞಾನಿಗಳು 2012ರಲ್ಲಿ, ನೀರು ನಿಂತ ಮಣ್ಣಿನ ತುಳಸಿಗೆ ಜೀವಾಣುಗಳು ರಕ್ಷಣೆ ಕೊಟ್ಟುದನ್ನು ತೋರಿಸಿದರು.

ಉಪಯೋಗಿಸುವ ಕ್ರಮ

1. ಬಿತ್ತನೆ ಬೀಜಕ್ಕೆ: ಅಶ್ವಗಂಧದ (ಹಿರೇಮದ್ದಿನ ಗಿಡದ) ಬೀಜ 1 ಕಿಲೋಗೆ ಸೂಡೊಮೊನಾಸ್ ಪುಡಿ 10 ಗ್ರಾಂ. ಆರಿದ ಬೆಲ್ಲದ ನೀರಿನಿಂದ ಬೀಜವನ್ನು ತುಸು ತೇವ ಮಾಡಿ, ಪುಡಿ ಲೇಪಿಸಿ, ನೆರಳಿನಲ್ಲಿ ಒಣಗಿಸಿ, ಅಂದೇ ಬಿತ್ತಿರಿ.

2. ಸಸಿಗೆ: ತುಳಸಿಯಂತಹ ಸಸಿಗಳನ್ನು ನೆಡುವ ಮೊದಲು, 1 ಲೀಟರ್ ನೀರಿಗೆ 10 ಗ್ರಾಂ ಪುಡಿ ಕದಡಿ, ಬೇರನ್ನು ಅರ್ಧ ಗಂಟೆ ಅದ್ದಿಡಿ.

3. ಭೂಮಿಗೆ: ಪೊಟ್ಟಣದಲ್ಲಿ ಹೇಳಿದಷ್ಟು ಪುಡಿಯನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆಲ ಹಸಿಯಿರುವಾಗ ಸಂಜೆ ಹೊತ್ತು ಹಾಕಿ.

ಎಚ್ಚರಿಕೆಗಳು

ಪೊಟ್ಟಣದೊಳಗಿರುವುದು ಜೀವ. ಬಿಸಿಲಿಗೆ ಇಟ್ಟ ಪೊಟ್ಟಣದಲ್ಲಿ ಜೀವಾಣುಗಳು ಸಾಯುತ್ತವೆ. ಆದರೂ ಪುಡಿಯ ಬಣ್ಣ ಹಾಗೆಯೇ ಇರುತ್ತದೆ, ಬೆಲೆಯೂ ಅಷ್ಟೇ ಇರುತ್ತದೆ. ಸಾಲ ತಂದ ಹಣ ಹೀಗೆ ಮಣ್ಣುಪಾಲಾಗಬಾರದು. ಆದುದರಿಂದ ಜೀವಾಣುವಿನ ಹೆಸರು, ತಯಾರಾದ ದಿನ, ಅವಧಿ ಮುಗಿಯುವ ದಿನ ಓದಿ ಕೊಳ್ಳಿರಿ. ಓದಲು ಬಾರದವರು ಮಕ್ಕಳಿಂದ ಓದಿಸಿಕೊಳ್ಳಿರಿ. ಮನೆಯಲ್ಲಿ ತಂಪಾದ ನೆರಳಿನಲ್ಲಿಡಿ. ರಾಸಾಯನಿಕ ಗೊಬ್ಬರದೊಡನೆ, ರೋಗದ ಔಷಧಿಯೊಡನೆ ಬೆರೆಸಬೇಡಿ.

ಜೀವಾಣು ನೀರಿಗೆ ಬದಲಿಯಲ್ಲ. ಬದು, ಮುಚ್ಚಿಗೆ, ಕೊಟ್ಟಿಗೆ ಗೊಬ್ಬರ ಇಲ್ಲದ ಬರಡು ನೆಲದಲ್ಲಿ ಅದು ಬದುಕುವುದು ಕಷ್ಟ. ಅಶ್ವಗಂಧದ ಹೊಲದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆಯೂ ಇರಲಿ. ಒಂದು ಮಣ್ಣಿನಲ್ಲಿ ಗೆದ್ದ ಜೀವಾಣು ಇನ್ನೊಂದರಲ್ಲಿ ಸೋಲಬಹುದು. ಆದಕಾರಣ ಮೊದಲ ವರ್ಷ ಇಡೀ ಹೊಲಕ್ಕೆ ಹಾಕಬೇಡಿ. ನಾಲ್ಕು ಸಾಲಿಗೆ ಹಾಕಿ, ಪಕ್ಕದ ನಾಲ್ಕು ಸಾಲನ್ನು ಹಾಗೆಯೇ ಬಿಡಿ. ಬೀಜ, ಗೊಬ್ಬರ, ನೀರು ಎರಡಕ್ಕೂ ಒಂದೇ ಆಗಿರಲಿ. ಬೇರು ಕಿತ್ತು ಒಣಗಿಸಿದ ಮೇಲೆ ಬೇರೆಬೇರೆ ತೂಗಿ ನೋಡಿ. ನಿಮ್ಮ ತಕ್ಕಡಿ ಹೇಳಿದ್ದನ್ನೇ ನಂಬಿರಿ.

ಚಾವಡಿಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ಬರದಲ್ಲಿ ಬೇರಿನ ಬೆಳವಣಿಗೆ ಏಕೆ ಕುಂಠಿತವಾಗುತ್ತದೆ?
2. ಪೊಟ್ಟಣ ಕೊಳ್ಳುವಾಗ ಏನೇನು ನೋಡಬೇಕು?
3. ನಾಲ್ಕು ಸಾಲನ್ನು ಹಾಗೆಯೇ ಬಿಡುವುದರಿಂದ ಏನು ಲಾಭ?