ಹಾಲು ಒಗ್ಗದ ಕೂಸಿಗೆ ಏನು ಉಣಿಸೋಣ?

ಇಟಿಕ್ಯಾಲ ಗದ್ವಾಲ ಸೀಮೆಯ ಊರು. ಅಲ್ಲಿ ಊರೊಳಗೆ ತೆಲುಗು ಮಾತು. ರಾಯಚೂರು ಕಡೆಯಿಂದ ಸೊಸೆ ಬಂದ ಮನೆಯಲ್ಲಿ ಕನ್ನಡವೂ ಕೇಳುತ್ತದೆ. ಅಂಥ ಒಂದು ಮನೆಯ ಕತೆ ಓದೋಣ.

ಆ ಮನೆಯಲ್ಲಿ ಒಂದೂವರೆ ವರ್ಷದ ಹೆಣ್ಣು ಕೂಸು. ತಾಯಿ ಮೊಲೆ ಬಿಡಿಸಿ ಎಮ್ಮೆ ಹಾಲು ಕುಡಿಸಿದಳು. ಹಾಲು ಕುಡಿದಾಗಲೆಲ್ಲ ಕೂಸಿಗೆ ವಾಂತಿ. ಮೈಮೇಲೆ ಕೆಂಪು ದದ್ದು. ದವಾಖಾನೆಗೆ ಕರೆದುಕೊಂಡು ಹೋದರು. ಡಾಕ್ಟರು ನೋಡಿ ಹೇಳಿದರು, “ಈ ಕೂಸಿಗೆ ಹಾಲಿನ ಅಲರ್ಜಿ ಇದೆ. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಯಾವುದೂ ಕೊಡಬೇಡಿ.”

ತಾಯಿ ಪೇಟೆಯಿಂದ ಸೋಯಾ ಹಾಲು ತಂದಳು. ಕೂಸು ಒಂದು ಗುಟುಕು ಕುಡಿದು ಉಗುಳಿತು. ಶೇಂಗಾ ರುಬ್ಬಿ ಹಾಲು ತೆಗೆದಳು. ಅದನ್ನೂ ಒಲ್ಲೆ ಎಂದಿತು. ಕೊನೆಗೆ ಲೋಟ ಕಂಡರೇ ಬಾಯಿ ಮುಚ್ಚತೊಡಗಿತು. ಹಾಲು ಬಿಟ್ಟರೂ ದದ್ದು ಪೂರ್ತಿ ಹೋಗಲಿಲ್ಲ. ಅಂಗನವಾಡಿಯಲ್ಲಿ ತೂಕ ಮಾಡಿದರು. 8 ಕಿಲೋ. ಕಾರ್ಡಿನಲ್ಲಿ ಚುಕ್ಕೆ ಹಳದಿ ಪಟ್ಟಿಗೆ ಬಿತ್ತು. ತಾಯಿಯ ಕಣ್ಣಲ್ಲಿ ನೀರು ಬಂತು.

ಪೊಟ್ಟಣದ ಮೇಲಿನ ಅಕ್ಷರ

ತೆಲಂಗಾಣದ ಅಂಗನವಾಡಿಗಳಲ್ಲಿ 7 ತಿಂಗಳಿಂದ 3 ವರ್ಷದ ಮಕ್ಕಳಿಗೆ ಬಾಲಾಮೃತಂ ಎಂಬ ಹಿಟ್ಟು ಕೊಡುತ್ತಾರೆ. ಅದು ಒಳ್ಳೆಯ ಆಹಾರ. ಈ ಕೂಸೂ ಅದನ್ನು ದಿನಾ ತಿನ್ನುತ್ತಿತ್ತು.

ತಾಯಿ ರಾತ್ರಿ ಶಾಲೆಯಲ್ಲಿ ಕನ್ನಡ ಅಕ್ಷರ ಕಲಿತವಳು. ಕನ್ನಡ ಮತ್ತು ತೆಲುಗು ಅಕ್ಷರ ಅಕ್ಕ-ತಂಗಿಯರ ಹಾಗೆ. ಒಂದು ದಿನ ಅವಳು ಪೊಟ್ಟಣ ಹಿಡಿದು ಕೂತಳು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಗೋಧಿ, ಕಡಲೆಬೇಳೆ, ಸಕ್ಕರೆ, ಎಣ್ಣೆ. ಅದರ ಜೊತೆಗೆ “ಪಾಲ ಪೊಡಿ”. ಅಂದರೆ ಹಾಲಿನ ಪುಡಿ! ತಾಯಿ ಪೊಟ್ಟಣ ಹಿಡಿದು ಅಂಗನವಾಡಿಗೆ ಓಡಿದಳು. ಅತ್ತೆಯೂ ಹಿಂದೆಯೇ ಬಂದಳು.

ತಾಯಿ: ಟೀಚರಮ್ಮ, ಇದರಾಗೂ ಹಾಲಿನ ಪುಡಿ ಅದ ನೋಡ್ರಿ.

ಟೀಚರ್: ಚಲೋ ಓದೀದಿ ತಂಗಿ. ಬ್ಯಾರೆ ಮಕ್ಕಳಿಗೆ ಇದು ಒಳ್ಳೇದು. ನಿನ್ನ ಕೂಸಿಗೆ ಬ್ಯಾಡ. ಬಿಸ್ಕತ್ತು, ಬನ್ನು, ಚಾಕಲೇಟು, ಪೇಡೆ ಇವುಗಳೊಳಗೂ ಹಾಲು ಇರತದ. ಓದಿದ ಮ್ಯಾಲೇ ಕೊಡು.

ಅತ್ತೆ: ಆಡಿನ ಹಾಲು ಹಾಕಿದ್ರ ಹ್ಯಾಂಗ್ರಿ? ಅದು ತೆಳು ಇರತದ.

ಟೀಚರ್: ಬ್ಯಾಡ್ರಿ ಅವ್ವಾ. ಆಕಳ ಹಾಲು ಅಲರ್ಜಿ ಇದ್ರ ಎಮ್ಮಿ ಹಾಲು, ಆಡಿನ ಹಾಲೂ ಬಹಳ ಮಾಡಿ ಒಗ್ಗಂಗಿಲ್ಲ.

ಅತ್ತೆ: ಹಂಗಾದ್ರ ಹಾಲಿಲ್ಲದ ಕೂಸು ಬೆಳೆಯೋದು ಹ್ಯಾಂಗ?

ಟೀಚರ್: ಕೂಸಿಗೆ ಬೇಕಾದ್ದು ಹಾಲಿನೊಳಗಿನ ಸತ್ವ. ಆ ಸತ್ವ ನಮ್ಮ ಕಾಳುಕಡಿಯೊಳಗೂ ಅದ. ಅದನ್ನ ಕುಡಿಸಬೇಕಂತಿಲ್ಲ. ಉಣಿಸಿದ್ರೂ ಆತು.

ಹಾಲಿನ ಸತ್ವ ಎಲ್ಲೆಲ್ಲಿ ಇದೆ?

ಹಾಲಿನಿಂದ ಕೂಸಿಗೆ ಮುಖ್ಯವಾಗಿ ಮೂರು ಸಿಗುತ್ತವೆ.

1. ಮೈ ಬೆಳೆಯಲು ಪ್ರೋಟೀನು. ಇದು ಬೇಳೆ, ತತ್ತಿ, ಶೇಂಗಾ, ಮೀನಿನಲ್ಲಿದೆ.
2. ಶಕ್ತಿಗೆ ಜಿಡ್ಡು. ಅಡಿಗೆ ಎಣ್ಣೆ, ಶೇಂಗಾ, ಎಳ್ಳಿನಲ್ಲಿದೆ.
3. ಎಲುಬಿಗೆ ಸುಣ್ಣದ ಅಂಶ. ಇದಕ್ಕೆ ಕ್ಯಾಲ್ಸಿಯಂ ಎನ್ನುತ್ತಾರೆ. ಇದು ಎಲೆಅಡಿಕೆಯ ಸುಣ್ಣ ಅಲ್ಲ. ಆ ಸುಣ್ಣ ಕೂಸಿಗೆ ಕೊಡಲೇಬಾರದು.

ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. ಯಾವ ಕಾಳಿನಲ್ಲಿ ಎಷ್ಟು ಸತ್ವ ಇದೆ ಎಂದು ಅಲ್ಲಿ ಅಳೆದಿದ್ದಾರೆ. 1ರಿಂದ 3 ವರ್ಷದ ಕೂಸಿಗೆ ದಿನಕ್ಕೆ 500 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ. ಎಳ್ಳಿನಲ್ಲಿ ಸಾವಿರಕ್ಕೂ ಹೆಚ್ಚು. ನುಗ್ಗೆ ಸೊಪ್ಪು, ಹುರಳಿಯಲ್ಲೂ ಚೆನ್ನಾಗಿದೆ. ನಾವು ದಿನಾ ಉಣ್ಣುವ ಜೋಳದಲ್ಲಿ ಮಾತ್ರ ಬಹಳ ಕಡಿಮೆ. ಆದ್ದರಿಂದ ಬರೀ ರೊಟ್ಟಿ ಸಾಲದು. ರಾಗಿ ಬೇಕು. ರಾಗಿಯನ್ನೇ ತೆಲಂಗಾಣದಲ್ಲಿ ತೈದಲು ಎನ್ನುತ್ತಾರೆ.

ಕೂಸಿನ ಒಂದು ದಿನದ ಊಟ

ಮುಂಜಾನೆ: ಮೂರು ದೊಡ್ಡ ಚಮಚ ರಾಗಿ ಹಿಟ್ಟಿನ ಗಂಜಿ. ಮಜ್ಜಿಗೆ ಬೇಡ, ಬೆಲ್ಲ ಹಾಕಿ. ಹುರಿದು ಕುಟ್ಟಿದ ಎಳ್ಳಿನ ಪುಡಿ ಒಂದು ಸಣ್ಣ ಚಮಚ ಕಲಸಿ.

ಹತ್ತು ಗಂಟೆಗೆ: ಒಂದು ಬೇಯಿಸಿದ ತತ್ತಿ. ಜೊತೆಗೆ ಬಾಳೆಹಣ್ಣು.

ಮಧ್ಯಾಹ್ನ: ಮೆತ್ತಗಿನ ಅನ್ನ, ಗಟ್ಟಿ ಬೇಳೆ. ಬೇಳೆಯಲ್ಲೇ ಒಂದು ಹಿಡಿ ನುಗ್ಗೆ ಸೊಪ್ಪು ಬೇಯಿಸಿ. ತುಪ್ಪದ ಬದಲು ಒಂದು ಚಮಚ ಎಣ್ಣೆ ಹಾಕಿ.

ಸಂಜೆ: ಹುರಿದ ಶೇಂಗಾದ ನುಣ್ಣನೆ ಪುಡಿ ಮತ್ತು ಬೆಲ್ಲ, ಬಾಳೆಹಣ್ಣಿನಲ್ಲಿ ಕಲಸಿ.

ರಾತ್ರಿ: ಮೆತ್ತಗಿನ ರಾಗಿ ಮುದ್ದೆ, ಹುರಳಿ ಸಾರು. ಒಂದೊಂದು ದಿನ ಬೇಳೆಯಲ್ಲಿ ನೆನೆಸಿದ ರೊಟ್ಟಿ.

ಕುಡಿಯಲು ನೀರು ಸಾಕು. ಸಕ್ಕರೆ ನೀರು, ಚಹಾ ಬೇಡ. ದಿನಾ ಸ್ವಲ್ಪ ಹೊತ್ತು ಬಿಸಿಲಲ್ಲಿ ಆಡಲಿ. ಬಿಸಿಲಿನಿಂದ ಸಿಗುವ ವಿಟಮಿನ್ ಡಿ ಎಲುಬಿಗೆ ಬೇಕು.

ನೆನಪಿಡಿ

• ಇಡೀ ಶೇಂಗಾ ಕಾಳು ಕೊಡಬೇಡಿ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮೀನು ಕೊಟ್ಟರೆ ಮುಳ್ಳು ತೆಗೆದು ಕೊಡಿ.
• ತತ್ತಿ, ಶೇಂಗಾ, ಎಳ್ಳು, ಮೀನು ಕೂಡ ಕೆಲವು ಮಕ್ಕಳಿಗೆ ಒಗ್ಗುವುದಿಲ್ಲ. ಡಾಕ್ಟರನ್ನು ಕೇಳಿ, ಒಂದು ಸಲಕ್ಕೆ ಒಂದೇ ಹೊಸ ಆಹಾರ ಸ್ವಲ್ಪ ಕೊಟ್ಟು ನೋಡಿ.
• ಮೂಗು ಹಿಡಿದು, ಹೆದರಿಸಿ ಉಣಿಸಬೇಡಿ. ಬೇಡ ಎಂದರೆ ಬಿಡಿ. ಎರಡು ದಿನ ಬಿಟ್ಟು ಮತ್ತೆ ಇಡಿ.
• ಮೊಲೆಹಾಲು ಕುಡಿಯುವ ಕೂಸಿಗೆ ಎರಡು ವರ್ಷ, ಅದಕ್ಕೂ ಮುಂದೆ ಕುಡಿಸಬಹುದು. ಒಂದು ವರ್ಷದೊಳಗಿನ ಕೂಸಿಗೆ ಬರೀ ಗಂಜಿ ಸಾಲದು. ಮೊಲೆಹಾಲು ಇಲ್ಲದಿದ್ದರೆ ಡಾಕ್ಟರು ಹೇಳಿದ ಪುಡಿಯೇ ಬೇಕು.
• ಬೇಧಿ ಆಯಿತು ಎಂದು ನೀವೇ ಹಾಲು ಬಿಡಿಸಬೇಡಿ. ಕೆಲವರಿಗೆ ಹಾಲು ಅರಗುವುದಿಲ್ಲ ಅಷ್ಟೇ, ಮೊಸರು ಒಗ್ಗುತ್ತದೆ. ಅಲರ್ಜಿ ಬೇರೆ. ಯಾವುದು ಎಂದು ಡಾಕ್ಟರೇ ಹೇಳಬೇಕು.
• ತುಟಿ ಊದಿದರೆ, ಉಸಿರು ಕಟ್ಟಿದರೆ ಕೂಡಲೇ 108ಕ್ಕೆ ಫೋನ್ ಮಾಡಿ.

ಮೂರು ತಿಂಗಳ ಮೇಲೆ

ಅತ್ತೆ ದಿನಾ ಎಳ್ಳು ಕುಟ್ಟಿ ಕೊಟ್ಟಳು. ಜಾತ್ರೆಯಲ್ಲಿ ಯಾರೋ ಪೇಡೆ ಕೊಡಲು ಬಂದರು. “ನಮ್ಮ ಕೂಸಿಗೆ ಹಾಲು ಒಗ್ಗಂಗಿಲ್ರಿ” ಎಂದು ಅವಳೇ ತಡೆದಳು. ಕೂಸಿನ ದದ್ದು ಹೋಯಿತು. ತೂಕ 9 ಕಿಲೋ ಆಯಿತು. ಚುಕ್ಕೆ ಹಸಿರು ಪಟ್ಟಿಗೆ ಬಂತು.

ಹೆಚ್ಚಿನ ಮಕ್ಕಳಿಗೆ ಬೆಳೆಯುತ್ತ ಹೋದಂತೆ ಹಾಲು ಒಗ್ಗುತ್ತದೆ. ಮತ್ತೆ ಯಾವಾಗ ಕೊಟ್ಟು ನೋಡಬೇಕು? ಡಾಕ್ಟರನ್ನು ಕೇಳಿಯೇ ಕೊಡಬೇಕು. ಊಟದಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ಅವರೇ ಔಷಧಿ ಬರೆದುಕೊಡುತ್ತಾರೆ.

ಹೊಸ ಪದಗಳು

ಅಲರ್ಜಿ – ಒಂದು ಆಹಾರ ಮೈಗೆ ಒಗ್ಗದೆ ದದ್ದು, ವಾಂತಿ ಮುಂತಾದ ತೊಂದರೆ ಬರುವುದು
ಸತ್ವ – ಆಹಾರದ ಒಳಗಿನ ಸಾರ
ಪೊಟ್ಟಣ – ಪಾಕೀಟು

ಉತ್ತರ ಹೇಳಿ

1. ಹಾಲು ಬಿಟ್ಟರೂ ಕೂಸಿನ ದದ್ದು ಏಕೆ ಹೋಗಲಿಲ್ಲ?
2. ಆಡಿನ ಹಾಲು ಬೇಡ ಎಂದು ಟೀಚರ್ ಏಕೆ ಹೇಳಿದರು?
3. ಹೆಚ್ಚು ಕ್ಯಾಲ್ಸಿಯಂ ಇರುವ ಮೂರು ಆಹಾರ ಬರೆಯಿರಿ.

ಮಾಡಿ ನೋಡಿ

ಮನೆಯಲ್ಲಿರುವ ಒಂದು ಬಿಸ್ಕತ್ತಿನ ಪೊಟ್ಟಣ ತನ್ನಿ. ಅದರಲ್ಲಿ ಏನೇನು ಹಾಕಿದ್ದಾರೆ ಎಂದು ಓದಿ. ಇಂಗ್ಲಿಷ್ ಇದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಹಾಲು ಇದೆಯೇ? ನಿಮ್ಮ ಪಟ್ಟಿಯಲ್ಲಿ ಬರೆಯಿರಿ.